ತಾಟೆ ಮೀನಿಗೆ ಮಡಿಲು ತುಂಬಿದ ಅಂಕಲ್

ಪಕ್ಕದ ಮನೆಯ ಅಂಕಲ್ ಹಿಡಿದು ಮನೆಗೆ ತಂದ ಮೀನನ್ನು ನಾನು ಒಮ್ಮೆಯೂ ನೋಡಲಿಲ್ಲ. ಅಳೆದು ಬಿಟ್ಟ ಮೀನುಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಳತೆ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದವಳು ನಾನೇ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಕೋಳಿಮೊಟ್ಟೆಯನ್ನೂ ದೂರದಿಂದಲೇ ನೋಡಿ ಬೆಳೆದ ನಾನು, ಪರ್ತ್‌ನ ಸಮುದ್ರದ ದಂಡೆಯಲ್ಲಿ ಒದ್ದಾಡುವ ಶಾರ್ಕ್ ಮರಿಯ ಬಾಲದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು "ಅಂಕಲ್, ಟೇಪ್ ಸಡಿಲ ಆಗಿದೆ, ಸ್ವಲ್ಪ ಎಳೀರಿ" ಎನ್ನುವ ದಿನ ಬರುತ್ತದೆಂದು ನನ್ನ ಜಾತಕ ಬರೆದ ಜೋಯಿಸರಿಗೂ ಹೊಳೆದಿರಲಿಕ್ಕಿಲ್ಲ.

ಅಂಕಲ್ ಹೋದ ತಿಂಗಳು ಅಡಿಲೇಡ್‌ನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ತಟ್ಟೆ ತೊಳೆದಿಟ್ಟು, ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ತಟ್ಟೆ ತೊಳೆಯದೆ ಹೋಗುವ ಜನ ಅವರಲ್ಲ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯುವುದಾದರೆ ಅವರ ಒಪ್ಪಿಗೆ ಬೇಕು, ಅದೂ ಎರಡು ಸಲ ಕೇಳಬೇಕು. ಈಗ ಕೇಳುವುದು ಎಲ್ಲಿಂದ?

"ಒಂದು ಸಲ ಕೇಳಿದ್ದು ಸುದ್ದಿ ಮಾರಾಯ್ತಿ, ಎರಡು ಸಲ ಕೇಳಿದ್ದು ಕಾನೂನು" ಎನ್ನುವುದು ಅವರ ಮಾತು. ಅದನ್ನು ಬರೀ ಹೇಳುತ್ತಿರಲಿಲ್ಲ, ಹಾಗೇ ಬದುಕುತ್ತಿದ್ದರು. ಪರ್ತ್‌ನ ವಿಲೆಟನ್‌ನಲ್ಲಿ ನಮ್ಮದೂ ಅವರದೂ ಒಂದೇ ಬೇಲಿಯ ಆಚೀಚೆಯ ಮನೆ. ನಮ್ಮ ನಿಂಬೆಗಿಡದ ಒಂದು ಕೊಂಬೆ ಅವರ ಅಂಗಳಕ್ಕೆ ಬಾಗಿತ್ತು. ಆ ಕೊಂಬೆಯಿಂದ ಹಣ್ಣು ಉದುರಿದಾಗಲೆಲ್ಲ ಬೇಲಿಯ ಮೇಲೆ ಅವರ ನೆರೆತ ತಲೆ ಕಾಣಿಸಿಕೊಳ್ಳುತ್ತಿತ್ತು. "ಹ್ವಾಯ್! ನಿಮ್ಮ ಲಿಂಬೆಹಣ್ಣು ನಮ್ಮ ಬದಿಗೆ ಬಿದ್ದಿದೆ. ತಗೊಳ್ಳಬಹುದಾ?" ತಗೊಳ್ಳಿ ಅಂಕಲ್ ಎನ್ನುತ್ತಿದ್ದೆ. ಒಳಗೆ ಹೋಗಿ ಮತ್ತೆ ಬರುತ್ತಿದ್ದರು. "ಹೌದಲ್ಲ? ತಗೊಳ್ಳಬಹುದಲ್ಲ?" ಅಷ್ಟರಲ್ಲಿ ಆಂಟಿ ಅಡುಗೆಮನೆಯ ಕಿಟಕಿಯಿಂದ, "ಹಣ್ಣು ಒಣಗಿ ಬೀಜ ಆಗುವ ಮೊದಲು ತಗೊಂಡು ಬನ್ನಿ ಮಾರಾಯ್ರೆ!" ಎಂದು ಕೂಗುತ್ತಿದ್ದರು.

ಕ್ಯಾನಿಂಗ್ಟನ್‌ನ ಶಾಪಿಂಗ್ ಸೆಂಟರಿನ ಎದುರು ಒಂದು ಭಾನುವಾರ ಬೆಳಿಗ್ಗೆ ಅವರು ರಸ್ತೆ ದಾಟಲು ನಿಂತಿದ್ದನ್ನು ನೋಡಿದೆ. ಆ ಕಡೆ ಈ ಕಡೆ ಒಂದು ಕಾರಿಲ್ಲ, ಸೈಕಲ್ಲಿಲ್ಲ, ನಾಯಿಯೂ ಇಲ್ಲ. ಗುಂಡಿ ಒತ್ತಿ, ಸಿಗ್ನಲ್ಲಿನಲ್ಲಿ ಹಸಿರು ಮನುಷ್ಯ ಬರಲೆಂದು ಕಾಯುತ್ತಿದ್ದರು. ಬಂದ. ಇವರು ದಾಟಲಿಲ್ಲ. ಮತ್ತೆ ಗುಂಡಿ ಒತ್ತಿದರು. ಎರಡನೆಯ ಸಲ ಬಂದಾಗ ದಾಟಿದರು. ನಾನು ರಸ್ತೆಗಳ ನಕ್ಷೆ ಮಾಡುವ ಇಂಜಿನಿಯರ್. ನಮ್ಮ ಆಫೀಸಿನಲ್ಲಿ ಪಾದಚಾರಿಗಳು ಹೇಗೆ ನಡೆದುಕೊಳ್ಳುತ್ತಾರೆ ಎಂದು ಊಹಿಸಿ ಲೆಕ್ಕ ಹಾಕುತ್ತೇವೆ. ಅಂಥ ಪಾದಚಾರಿಯನ್ನು ನಮ್ಮಲ್ಲಿ ಯಾರೂ ಊಹಿಸಿರಲಿಲ್ಲ.

ಕೆಲಸದಲ್ಲಿ ಅವರು ಅರಿವಳಿಕೆ ಡಾಕ್ಟರ್. ಕುಂದಾಪುರದ ಕಡೆಯವರು, ಪರ್ತ್‌ನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. "ಜನರನ್ನು ಮಲಗಿಸುವುದು ನನ್ನ ಕೆಲಸ, ಏಳಿಸುವುದೂ ನನ್ನದೇ. ಮಧ್ಯದಲ್ಲಿ ಆಗುವುದಕ್ಕೆ ಸರ್ಜನ್ ಜವಾಬ್ದಾರಿ" ಎನ್ನುತ್ತಿದ್ದರು. ಯೋಚಿಸಿ ನೋಡಿದರೆ, ಎಲ್ಲವನ್ನೂ ಎರಡೆರಡು ಸಲ ಕೇಳುವ ಮನುಷ್ಯ ಆ ಕೆಲಸದಲ್ಲಿದ್ದದ್ದು ಪರ್ತ್‌ನ ಜನರ ಪುಣ್ಯ.

ಮಗ ಬ್ರಿಸ್ಬೇನ್‌ನ ಸನ್ನಿಬ್ಯಾಂಕ್‌ನಲ್ಲಿ, ಮಗಳು ಅಡಿಲೇಡ್‌ನಲ್ಲಿ. ಆಂಟಿಗೆ ಕಾಯಿಲೆ ಬಂದು ಆಸ್ಪತ್ರೆ ಸೇರಿದಾಗ ಇಬ್ಬರೂ ಬಂದು ಹೋದರು. ಕೊನೆಯ ವಾರ ನಾನು ಮನೆಯಿಂದ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ನನ್ನ ಗಂಡನಿಗೆ ಗಣಿಯಲ್ಲಿ ಕೆಲಸ, ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಹಾಗಾಗಿ ಆ ದಿನಗಳಲ್ಲಿ ನನ್ನ, ನನ್ನ ಮಕ್ಕಳ ಊಟ, ಹರಟೆ ಎರಡೂ ಅವರ ಜೊತೆಗೇ. ಆಂಟಿ ಆ ಮಾತು ಹೇಳಿದಾಗ ನಾನು ಅಲ್ಲೇ ಇದ್ದೆ.

"ಮಗಳಿಗೆ ಎಂದಾದರೂ ಮಗು ಆಗ್ತದೆ. ಬಾಳಂತನಕ್ಕೆ ನಾನು ಇರುವುದಿಲ್ಲ" ಎಂದರು ಆಂಟಿ. "ಅವಳು ಹುಟ್ಟಿದಾಗ ನನ್ನ ಅಪ್ಪ ಗಂಗೊಳ್ಳಿಯಲ್ಲಿ ದೋಣಿ ಹತ್ತಿ ಹೋಗಿ ತಾಟೆ ಮರಿ ಹಿಡಿದು ತಂದಿದ್ರು. ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಸಾರು ಮಾಡಿ ತಿಂದ ಮೇಲೆ ನನಗೆ ಹಾಲು ಬಂದದ್ದು. ಅದೇ ಥರ ನೀವೂ ಹಿಡಿದು ತಂದು ಹಾಕಬೇಕು. ಅಂಗಡಿಯದ್ದಲ್ಲ."

ತಾಟೆ ಎಂದರೆ ಶಾರ್ಕ್. ಅವರ ಕರಾವಳಿಯಲ್ಲಿ ಬಾಳಂತಿಗೆ ಅದರ ಮರಿಯ ಸಾರು ಕೊಡುತ್ತಾರೆ, ಹಾಲು ಹೆಚ್ಚುತ್ತದೆ ಎಂದು. ನನಗೆ ಇದು ಹೊಸ ಸುದ್ದಿ. ನಮ್ಮ ಮೈಸೂರಿನಲ್ಲಿ ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಹೆಚ್ಚೆಂದರೆ ಅಂಟಿನ ಉಂಡೆ.

ಅಂಕಲ್ "ಆಯ್ತು" ಎಂದರು.

"ಎರಡು ಸಲ ಹೇಳಿ" ಎಂದರು ಆಂಟಿ.

"ಆಯ್ತು" ಎಂದು ಅಂಕಲ್ ಇನ್ನೊಮ್ಮೆ ಹೇಳಿದರು. ಆಂಟಿ ಕಣ್ಣು ಮುಚ್ಚಿಕೊಂಡು ನಕ್ಕರು. ಜೀವಮಾನವಿಡೀ ಗಂಡನ ಕೈಯಲ್ಲಿ ಪಟ್ಟ ಪಾಡಿಗೆ ಅವರು ತೀರಿಸಿಕೊಂಡ ಒಂದೇ ಸೇಡು ಅದು.

ಮಗಳು ಬಸುರಿ ಎಂದು ಫೋನ್ ಬಂದದ್ದು ಆಂಟಿ ಹೋಗಿ ಎರಡು ವರ್ಷವಾದ ಮೇಲೆ. ಮರುದಿನವೇ ಅಂಕಲ್ ನನ್ನನ್ನು ಕರೆದುಕೊಂಡು ಗಾಳದ ಅಂಗಡಿಗೆ ಹೊರಟರು. ಕಡಲ ಊರಲ್ಲಿ ಹುಟ್ಟಿದ ಮನುಷ್ಯ ಒಮ್ಮೆಯೂ ಗಾಳ ಹಿಡಿದಿರಲಿಲ್ಲ. ಓದುವ ಹುಡುಗ ಎಂದು ಮನೆಯವರು ನೀರಿನ ಹತ್ತಿರ ಬಿಡುತ್ತಿರಲಿಲ್ಲವಂತೆ. ಅಂಗಡಿಯವನು, ಮೊಣಕೈವರೆಗೆ ಹಚ್ಚೆ ಹಾಕಿಸಿಕೊಂಡ ದಢೂತಿ ಆಸಾಮಿ, "ಯಾವ ಮೀನಿಗೆ, ಮೇಟ್?" ಎಂದು ಕೇಳಿದ.

"ಶಾರ್ಕ್. ಸಣ್ಣದು. ನನ್ನ ಮಗಳಿಗೆ ಎದೆಹಾಲು ಬರಲಿಕ್ಕೆ" ಎಂದರು ಅಂಕಲ್.

ಆತ ನನ್ನ ಮುಖ ನೋಡಿದ. ನಾನು ದಾರದ ಉಂಡೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಆ ವರ್ಷಗಳಲ್ಲಿ ಪರ್ತ್‌ನ ಜನಕ್ಕೆ ಶಾರ್ಕ್ ಎಂದರೆ ಎದೆ ನಡುಕ. ಬೇಸಿಗೆಯಲ್ಲಿ ತಲೆಯ ಮೇಲೆ ಹೆಲಿಕಾಪ್ಟರ್ ಸುತ್ತುತ್ತಿತ್ತು. ನೀರಲ್ಲಿ ಏನೋ ನೆರಳು ಕಂಡರೆ ಸೈರನ್ ಕೂಗುತ್ತಿತ್ತು, ಈಜುತ್ತಿದ್ದವರೆಲ್ಲ ಎದ್ದೆನೋ ಬಿದ್ದೆನೋ ಎಂದು ದಡಕ್ಕೆ ಓಡಿ ಬರುತ್ತಿದ್ದರು. ಟಿವಿಯಲ್ಲಿ ಅದೇ, ಆಫೀಸಿನ ಕಾಫಿ ಮೇಜಿನ ಮೇಲೂ ಅದೇ. ಊರಿಗೆಲ್ಲ ಬೇಡವಾದ ಶಾರ್ಕ್ ಇವರೊಬ್ಬರಿಗೆ ಬೇಕಾಗಿತ್ತು. ಇವರೊಬ್ಬರಿಗೇ ಅದು ಸಿಗಲೊಲ್ಲದು.

ಸಿಗದೆ ಇರಲು ಕಾರಣ ಸಮುದ್ರವಲ್ಲ, ಕಾನೂನು. ಸರಿಯಾಗಿ ಹೇಳಬೇಕೆಂದರೆ, ಕಾನೂನಿನ ಮೇಲೆ ಇವರಿಗಿದ್ದ ಭಕ್ತಿ.

ಮೀನುಗಾರಿಕೆ ಇಲಾಖೆಯ ಸಹಾಯವಾಣಿಯ ನಂಬರು ಅವರಿಗೆ ಬಾಯಿಪಾಠವಾಗಿತ್ತು. ನಮ್ಮ ಮನೆಯ ಫ್ರಿಜ್ಜಿನ ಮೇಲೂ ಅದನ್ನು ಅಂಟಿಸಿ ಹೋಗಿದ್ದರು, ಯಾವಾಗ ಬೇಕಾಗುತ್ತದೋ ಹೇಳಲಿಕ್ಕಾಗದು ಎಂದು. ಫೋನ್ ಎತ್ತುತ್ತಿದ್ದ ಹೆಂಗಸಿಗೆ ಇವರ ದನಿ ಕೇಳಿದರೆ ಸಾಕು, "ಗುಡ್ ಮಾರ್ನಿಂಗ್ ಡಾಕ್ಟರ್, ಇವತ್ತು ಏನು ಸಂದೇಹ?" ಎನ್ನುತ್ತಿದ್ದಳು. ಸಂದೇಹಗಳಿಗೆ ಬರವಿರಲಿಲ್ಲ. ಗಾಳಕ್ಕೆ ಸಿಕ್ಕ ಶಾರ್ಕ್‌ನ ಬಾಯಲ್ಲಿ ಇನ್ನೊಂದು ಮೀನಿದ್ದರೆ ಅದು ಯಾರ ಲೆಕ್ಕಕ್ಕೆ? ಶಾರ್ಕ್ ತಾನಾಗಿ ದಡಕ್ಕೆ ಹಾರಿ ಬಿದ್ದರೆ ಅದನ್ನು ಹಿಡಿದಂತೆ ಆಗುತ್ತದೆಯೇ? ಉತ್ತರ ಸಿಕ್ಕಿದ ಮೇಲೆ ಥ್ಯಾಂಕ್ಯೂ ಹೇಳಿ ಫೋನ್ ಇಡುತ್ತಿದ್ದರು. ಚಹಾ ಕುಡಿದು ಮತ್ತೆ ಅದೇ ಪ್ರಶ್ನೆ ಕೇಳಲು ಫೋನ್ ಮಾಡುತ್ತಿದ್ದರು.

ದಡದಲ್ಲಿ ನಿಂತು ಗಾಳ ಹಾಕಲು ಪರ್ತ್ ಇರುವ ರಾಜ್ಯದಲ್ಲಿ ಲೈಸೆನ್ಸ್ ಬೇಡ. ಮೋಟಾರು ದೋಣಿಯಿಂದ ಹಾಕುವುದಾದರೆ ಬೇಕು. ಅಂಕಲ್ ದೋಣಿಯ ಲೈಸೆನ್ಸನ್ನೇ ತೆಗೆಸಿದರು. ಅವರಿಗೆ ದೋಣಿ ಇರಲಿಲ್ಲ, ದೋಣಿ ಇರುವ ಸ್ನೇಹಿತರೂ ಇರಲಿಲ್ಲ, ಕಾರಿನಲ್ಲಿ ಹಿಂದೆ ಕೂತರೂ ವಾಂತಿ ಬರುತ್ತಿತ್ತು.

"ಯಾಕೆ ಅಂಕಲ್ ಸುಮ್ನೆ ದುಡ್ಡು ದಂಡ?" ಎಂದೆ.

"ಎಲ್ಲಿಯಾದರೂ ಅಲೆ ಜೋರು ಬಂದು ನಾನು ನೀರಿಗೆ ಬಿದ್ದೆ ಅಂತ ಇಟ್ಟುಕೋ. ಯಾರೋ ಪುಣ್ಯಾತ್ಮರು ದೋಣಿಗೆ ಎಳೆದುಕೊಂಡರು. ಕೈಯಲ್ಲಿ ಗಾಳ ಇದೆ, ಗಾಳದಲ್ಲಿ ಮೀನಿದೆ. ಆಗ?"



ಇಷ್ಟು ಸಾಲದೆಂದು ಮೂರು ರಾಜ್ಯಗಳ ನಿಯಮಗಳನ್ನೂ ಓದಿಕೊಂಡರು. ಮಗನ ಮನೆ ಒಂದು ಕಡೆ, ಮಗಳ ಮನೆ ಒಂದು ಕಡೆ, ತಾವು ಒಂದು ಕಡೆ, ಎಲ್ಲಿ ಅದೃಷ್ಟ ಖುಲಾಯಿಸುತ್ತದೋ ಎಂದು. ಬ್ರಿಸ್ಬೇನ್‌ನಲ್ಲಿ ಶಾರ್ಕ್ ಅನ್ನು ಮೂತಿಯಿಂದ ಬಾಲದವರೆಗೆ ಅಳೆಯಬೇಕು, ದೊಡ್ಡದಿದ್ದರೆ ಬಿಡಬೇಕು. ಅಡಿಲೇಡ್‌ನಲ್ಲಿ ಕೆಲವು ಜಾತಿಗಳನ್ನು ಕಿವಿರಿನಿಂದ ಬಾಲದ ಬುಡದವರೆಗೆ ಅಳೆಯಬೇಕು, ಚಿಕ್ಕದಿದ್ದರೆ ಬಿಡಬೇಕು. ಪರ್ತ್‌ನಲ್ಲಿ ಕೆಲವು ಜಾತಿಗಳಿಗೆ ಬೆನ್ನಿನ ಒಂದು ರೆಕ್ಕೆಯಿಂದ ಇನ್ನೊಂದು ರೆಕ್ಕೆಯವರೆಗೆ ಅಳೆಯಬೇಕು. "ನೋಡು, ಒಂದೇ ಮೀನು ಈಜುತ್ತಾ ಈಜುತ್ತಾ ದೇಶ ಸುತ್ತಿದರೆ ಅದಕ್ಕೇ ಗೊತ್ತಿರುವುದಿಲ್ಲ ತಾನು ಎಷ್ಟು ಉದ್ದ ಅಂತ" ಎಂದು ಬಹಳ ಮರುಕದಿಂದ ಹೇಳಿದ್ದರು. ದರ್ಜಿಗಳು ಕೂಡ ಇಷ್ಟೊಂದು ಬಗೆಯಲ್ಲಿ ಅಳೆಯುವುದಿಲ್ಲ.

ಬ್ರಿಸ್ಬೇನ್‌ಗೆ ಹೋಗಿದ್ದಾಗ ಸನ್ನಿಬ್ಯಾಂಕ್‌ನ ಒಂದು ಮೀನಂಗಡಿಯಲ್ಲಿ ಐಸಿನ ಮೇಲೆ ಪುಟ್ಟ ತಾಟೆಗಳು ಸಾಲಾಗಿ ಮಲಗಿದ್ದವಂತೆ. ಮಗ, "ಅಪ್ಪ, ಇಲ್ಲೇ ಇದ್ಯಲ್ಲ, ತಗೊಂಡು ಫ್ರೀಜರಲ್ಲಿ ಇಡೋಣ" ಎಂದನಂತೆ. ಅಂಕಲ್ ಅಂಗಡಿಯ ಚೀನೀ ಅಜ್ಜಿಯನ್ನು ವಿಚಾರಣೆಗೆ ತೆಗೆದುಕೊಂಡರು. ಹಿಡಿದದ್ದು ಯಾರು, ಎಲ್ಲಿ, ಯಾವ ಲೈಸೆನ್ಸಿನಲ್ಲಿ, ಅಳೆದದ್ದು ಯಾವ ಕಡೆಯಿಂದ. ಅಜ್ಜಿ ಉತ್ತರ ಕೊಡದೆ ಮಚ್ಚು ಎತ್ತಿ ಪಕ್ಕದ ಮೀನಿನ ತಲೆಯನ್ನು ಒಂದೇ ಏಟಿಗೆ ಹಾರಿಸಿದಳಂತೆ. ಮಗ ಅಪ್ಪನ ರಟ್ಟೆ ಹಿಡಿದು ಹೊರಗೆ ಕರೆತಂದ. "ಹೇಗೂ ಅಂಗಡಿಯದ್ದು ಬೇಡ ಅಂದಿದ್ಳಲ್ಲ" ಎಂದು ಅಂಕಲ್ ನನ್ನೆದುರು ಸಮಾಧಾನ ಮಾಡಿಕೊಂಡರು.

ನಮ್ಮ ಬೀದಿಯ ಕೊನೆಯ ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ 'ಫ್ಲೇಕ್' ಎಂದು ಮಾರುವುದು ಶಾರ್ಕ್ ಅನ್ನೇ ಎಂದು ನಾನೇ ಅವರಿಗೆ ಒಂದು ಸಲ ಹೇಳಿದೆ. ನನ್ನ ಮಕ್ಕಳು ಶುಕ್ರವಾರ ಅದನ್ನು ಸ್ಕೂಲಿನ ಗೆಳೆಯರ ಜೊತೆ ತಿಂದು ಬಂದು, ನನಗೆ ಗೊತ್ತಿಲ್ಲವೆಂದು ತಿಳಿದುಕೊಂಡಿದ್ದರು. ಅಂಕಲ್ ಮುಖ ಕಿವುಚಿದರು. "ಅದು ಮೀನಲ್ಲ ಮಾರಾಯ್ತಿ, ಮೀನಿನ ಬೋಂಡ. ತಲೆ ಇಲ್ಲ, ಚರ್ಮ ಇಲ್ಲ, ಹುಳಿ ಇಲ್ಲ, ಖಾರ ಇಲ್ಲ. ತಲೆ ಇಲ್ಲದ ಮೀನನ್ನು ನಂಬಬಾರದು."

ಆಗ ನಾನು ಬಹಳ ದಿನದಿಂದ ಬಾಯಲ್ಲಿದ್ದ ಪ್ರಶ್ನೆಯನ್ನು ಕೇಳಿಯೇ ಬಿಟ್ಟೆ. "ಅಂಕಲ್, ನೀವು ಡಾಕ್ಟರು. ಶಾರ್ಕ್ ತಿಂದ್ರೆ ಹಾಲು ಬರತ್ತೆ ಅಂತ ನಿಜವಾಗ್ಲೂ ನಂಬ್ತೀರಾ?"

"ನಾನು ನಂಬುದಿಲ್ಲ" ಎಂದರು. ಸ್ವಲ್ಪ ಹೊತ್ತು ಬೇಲಿಯ ಮೇಲಿನ ಇರುವೆಯನ್ನು ನೋಡಿದರು. "ಅವಳು ನಂಬಿದ್ಳು."

ಅದಾದ ಮೇಲೆ ನಾನು ಒಂದು ದಿನವೂ 'ಬರಲ್ಲ' ಎನ್ನಲಿಲ್ಲ. ಶನಿವಾರದ ಆರ್ವೋ, ಅಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ, ಬಂತೆಂದರೆ, ಬಿಸಿಲು ಇಳಿಯುವ ಹೊತ್ತಿಗೆ, ನಮ್ಮ ಕಾರಿನ ಡಿಕ್ಕಿಯಲ್ಲಿ ಗಾಳ, ಬಕೆಟ್ಟು, ಒದ್ದೆ ಟವಲು, ಅಳತೆ ಟೇಪು, ಸರ್ವೋ ಎನ್ನುವ ಪೆಟ್ರೋಲ್ ಬಂಕಿನಲ್ಲಿ ಕೊಂಡ ಬೊಂಡಾಸಿನ ಪೊಟ್ಟಣ. ಗಾಳಕ್ಕೆ ಚುಚ್ಚುವ ಈ ಬೊಂಡಾಸಿನ, ಅಂದರೆ ಸ್ಕ್ವಿಡ್ಡಿನ, ವಾಸನೆ ಕಾರಿನಿಂದ ಇವತ್ತಿಗೂ ಹೋಗಿಲ್ಲ. ಅದೇ ಕಾರಿನಲ್ಲಿ ನಾನು ದೇವಸ್ಥಾನಕ್ಕೆ ಹೋಗುತ್ತೇನೆ, ದೇವರು ಇದುವರೆಗೆ ಏನೂ ಅಂದಿಲ್ಲ.

ಈಜುವವರ ಬೀಚಿನಿಂದ ದೂರದಲ್ಲಿ, ನೀರೊಳಗೆ ಚಾಚಿದ ಬಂಡೆಗಳ ಸಾಲಿನ ಮೇಲೆ ನಮ್ಮ ಬಿಡಾರ. ಆ ಜಾಗದಲ್ಲಿ ಶಾರ್ಕ್‌ಗೆ ಗಾಳ ಹಾಕಬಹುದೋ ಇಲ್ಲವೋ ಎಂದು ಇಲಾಖೆಗೆ ಎರಡು ಸಲ, ಕೌನ್ಸಿಲ್‌ಗೆ ಎರಡು ಸಲ ಕೇಳಿಯಾಗಿತ್ತು. ಆಗೊಮ್ಮೆ ಈಗೊಮ್ಮೆ ಮರಿ ಶಾರ್ಕ್ ಸಿಗುತ್ತಿತ್ತು. ಸಿಕ್ಕ ಕೂಡಲೇ ಅಂಕಲ್ ಒದ್ದೆ ಟವಲನ್ನು ಅದರ ಕಣ್ಣಿನ ಮೇಲೆ ಹೊದಿಸಿ, ಬಗ್ಗಿ, ನಲವತ್ತು ವರ್ಷ ರೋಗಿಗಳಿಗೆ ಹೇಳಿದ್ದನ್ನೇ ಹೇಳುತ್ತಿದ್ದರು. "ಹೆದರಬೇಡ. ಹತ್ತರಿಂದ ಹಿಂದಕ್ಕೆ ಎಣಿಸು." ನಾವು ಅಳೆಯುತ್ತಿದ್ದೆವು. ಅಳತೆ ಸರಿ ಬಂದರೆ ಜಾತಿಯ ಸಂದೇಹ. ಜಾತಿ ಸರಿ ಎನಿಸಿದರೆ ಅಳತೆ ಇನ್ನೊಮ್ಮೆ. ಎರಡೂ ಸಲದ ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ, "ಸಂದೇಹ ಇದ್ದ ಮೇಲೆ ಬಿಡಬೇಕು" ಎಂದು ಬಿಟ್ಟುಬಿಡುತ್ತಿದ್ದರು. ಪಕ್ಕದ ಬಂಡೆಯಲ್ಲಿ ಬಿಯರ್ ಹಿಡಿದು ಕೂತ ಗಾಳದವರು ನಮ್ಮನ್ನು ನೋಡಿ ಮೊದಮೊದಲು ನಗುತ್ತಿದ್ದರು. ಆಮೇಲೆ ತಮ್ಮ ಮೀನುಗಳನ್ನು ಕೂಡ ತಂದು, "ಡಾಕ್, ಇದು ಆಗುತ್ತಾ ನೋಡು" ಎನ್ನತೊಡಗಿದರು. ಪಾಪದವರು. ಅವರೂ ಎಷ್ಟೋ ಸಂಜೆ ಬರಿಗೈಯಲ್ಲಿ ಮನೆಗೆ ಹೋದರು.

ಹೀಗೆ ತಿಂಗಳುಗಳು ಕಳೆದವು. ಮಗಳಿಗೆ ಹೆರಿಗೆಯಾಯಿತು, ಹೆಣ್ಣುಮಗು. ಅಂಕಲ್ ಅಡಿಲೇಡ್‌ಗೆ ಟಿಕೆಟ್ ತೆಗೆಸಿದರು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಗಳು ಫೋನ್ ಮಾಡಿದಳು. ನಾನು ಅಲ್ಲೇ ಇದ್ದೆ, ಫೋನ್ ಸ್ಪೀಕರಿನಲ್ಲಿತ್ತು.

"ಪಪ್ಪಾ, ಹಾಲೇ ಸಾಕಾಗ್ತಿಲ್ಲ. ಮಗು ಇಡೀ ದಿನ ಅಳ್ತಾ ಇದೆ. ನನ್ ಕೈಲಿ ಆಗ್ತಿಲ್ಲ ಪಪ್ಪಾ, ಅಮ್ಮ ಇದ್ದಿದ್ರೆ..." ಎಂದು ಬಿಕ್ಕಿ ಅತ್ತಳು. ಅಂಕಲ್ ಡಾಕ್ಟರಿನಂತೆ ನೀರು ಕುಡಿ, ನಿದ್ದೆ ಮಾಡು, ನರ್ಸನ್ನು ಕರೆಸು, ಇದೆಲ್ಲ ಆಗುವಂಥದ್ದೇ ಎಂದು ಹೇಳಿದರು. ಫೋನ್ ಇಟ್ಟ ಮೇಲೆ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು. ಇದು ಅವರ ಎರಡು ಸಲದ ಅಭ್ಯಾಸವಲ್ಲ ಎಂದು ನನಗೆ ತಿಳಿಯಿತು.

"ಹೋಗುವ" ಎಂದರು. ನಾನು ಆಫೀಸಿಗೆ ಹುಷಾರಿಲ್ಲ ಎಂದು ಹೇಳಿ ಕಾರು ತೆಗೆದೆ.

ಅಂದು ಗಾಳಿ ತಣ್ಣಗಿತ್ತು, ಬಂಡೆಯ ಮೇಲೆ ನಾವಿಬ್ಬರೇ. ಮಧ್ಯಾಹ್ನದ ಹೊತ್ತಿಗೆ ಗಾಳ ಬಾಗಿತು. ಅಂಕಲ್ ಎಳೆದರು, ನಾನು ಅವರ ಸೊಂಟ ಹಿಡಿದು ಎಳೆದೆ. ಮೇಲೆ ಬಂದದ್ದು ಬೂದು ಬಣ್ಣದ, ಬೆನ್ನಿನ ಮೇಲೆ ಬಿಳಿ ಚುಕ್ಕೆಗಳಿದ್ದ ಗಮ್ಮಿ ಶಾರ್ಕ್. ಚೂಪು ಹಲ್ಲಿಲ್ಲದ, ಸಾಧು ಜಾತಿ. ತಿನ್ನಲು ಹೇಳಿ ಮಾಡಿಸಿದ್ದು, ಇಲ್ಲಿ ಹಿಡಿಯಲು ಪೂರ್ತಿ ಅನುಮತಿ ಇರುವಂಥದ್ದು. ಜಾತಿ ನೋಡಿದೆವು, ಸಂದೇಹವಿಲ್ಲ. ಅಳೆದೆವು, ಮತ್ತೆ ಅಳೆದೆವು. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನು, ಅಗ್ರಹಾರದ ಮೊಮ್ಮಗಳು, "ಹಾಕಿ ಅಂಕಲ್ ಬಕೆಟ್ಟಿಗೆ!" ಎಂದು ಕಿರುಚಿದೆ.

ಅದೇ ಹೊತ್ತಿಗೆ ಹಿಂದಿನಿಂದ ಯಾರೋ "ಗುಡ್ಡೇ" ಎಂದರು. ತಿರುಗಿ ನೋಡಿದರೆ ಮೀನುಗಾರಿಕೆ ಇಲಾಖೆಯ ಇನ್‌ಸ್ಪೆಕ್ಟರ್, ಖಾಕಿ ಟೋಪಿ, ಸೊಂಟದಲ್ಲಿ ವಾಕಿಟಾಕಿ. ಬೇರೆಯವರಾಗಿದ್ದರೆ ಬೆವರುತ್ತಿದ್ದರು. ಅಂಕಲ್ ಮುಖ ಮದುಮಗನ ಹಾಗೆ ಅರಳಿತು. ಇಷ್ಟು ವರ್ಷ ನಿಯಮ ಪಾಲಿಸಿದ ಮನುಷ್ಯನನ್ನು ಒಬ್ಬರಾದರೂ ಬಂದು ಪರೀಕ್ಷೆ ಮಾಡಿರಲಿಲ್ಲ. ತಾವಾಗಿಯೇ ಲೈಸೆನ್ಸ್ ತೆಗೆದು ಕೊಟ್ಟರು.

"ದಡದಿಂದ ಹಿಡಿದರೆ ಇದು ಬೇಡ, ಸರ್" ಎಂದ ಆತ.

"ಗೊತ್ತು. ಆದರೂ ನೋಡಿ."

ಆತ ನೋಡಿದ. ಮೀನನ್ನೂ ನೋಡಿದ. "ಎಲ್ಲಾ ಸರಿಯಾಗಿದೆ. ಒಳ್ಳೇ ಮೀನು. ಮನೆಗೆ ತಗೊಂಡು ಹೋಗಿ."

ಅಂಕಲ್ ಬಾಗಿ ಮೀನನ್ನು ಎತ್ತಲು ಹೋದರು. ಹೊಟ್ಟೆಯ ಕೆಳಗೆ ಹಾಕಿದ ಕೈ ಅಲ್ಲೇ ನಿಂತಿತು. ಡಾಕ್ಟರ ಕೈ ಅದು. ಬೆರಳುಗಳು ಮೆಲ್ಲಗೆ ಅತ್ತಿತ್ತ ಆಡಿದವು. ತಲೆಯೆತ್ತಿ ಇನ್‌ಸ್ಪೆಕ್ಟರನ್ನು ನೋಡಿದರು.

"ಇವಳು ಬಸುರಿ" ಎಂದರು ಇಂಗ್ಲಿಷಿನಲ್ಲಿ.

ಆತನೂ ಕೂತು ಮುಟ್ಟಿ ನೋಡಿದ. "ಹೌದು, ಮರಿಗಳಿವೆ. ಇವು ಮೊಟ್ಟೆ ಇಡೋದಿಲ್ಲ, ಮರಿಯನ್ನೇ ಹಾಕುತ್ತವೆ."

"ಮೊಟ್ಟೆ ಹೊತ್ತ ಏಡಿಯನ್ನು ಹಿಡಿದರೆ ಬಿಡಬೇಕು ಅಂತ ನಿಯಮ ಇದೆ. ಇದಕ್ಕೆ?"

"ಇದಕ್ಕೆ ಅಂಥ ನಿಯಮ ಇಲ್ಲ ಸರ್. ನೀವು ಇಟ್ಟುಕೊಳ್ಳಬಹುದು."

"ಖಂಡಿತ ಇಟ್ಟುಕೊಳ್ಳಬಹುದಾ?" ಅಂಕಲ್ ಎರಡನೆಯ ಸಲ ಕೇಳಿದರು.

"ಖಂಡಿತ. ಕಾನೂನಿನ ಪ್ರಕಾರ ಏನೂ ಅಡ್ಡಿಯಿಲ್ಲ."

ಅಂಕಲ್ ಮೀನಿನ ಕಣ್ಣಿನ ಮೇಲೆ ಒದ್ದೆ ಟವಲನ್ನು ಸರಿಯಾಗಿ ಹೊದಿಸಿದರು. ಅವರ ತಲೆಯೊಳಗೆ ಏನು ನಡೆಯುತ್ತಿತ್ತೆಂದು ನನಗೆ ಗೊತ್ತಿತ್ತು. ಒಂದು ಕಡೆ ಆಸ್ಪತ್ರೆಯಲ್ಲಿ ಹೆಂಡತಿಗೆ ಕೊಟ್ಟ ಮಾತು, ಅಡಿಲೇಡ್‌ನಲ್ಲಿ ಅಳುತ್ತಿರುವ ಮಗಳು, ನಾಳೆ ಬೆಳಗಿನ ವಿಮಾನ. ಇನ್ನೊಂದು ಕಡೆ ಟವಲಿನ ಕೆಳಗೆ ಬಾಯಿ ತೆರೆದು ಮುಚ್ಚುತ್ತಿದ್ದ ಆ ಜೀವ. ಆಮೇಲೆ ಅವರು ಹೇಳಿದ ಮಾತನ್ನು ನಾನು ಅವರ ಬಾಯಿಂದ ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಹಾಗಾದರೆ ಕಾನೂನು ತಪ್ಪು."

ಮೀನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಪ್ಯಾಂಟು ಒದ್ದೆಯಾಗುವುದನ್ನೂ ಲೆಕ್ಕಿಸದೆ ನೀರಿಗಿಳಿದರು. ಅದು ಉಸಿರು ಹಿಡಿಯುವವರೆಗೆ ನೀರಲ್ಲಿ ಆಡಿಸುತ್ತ ನಿಂತರು. ಬಾಲ ಒಮ್ಮೆ ಅಲುಗಿತು, ಹೊರಟಿತು. ಅಂಕಲ್ ನನ್ನ ಕಡೆ ತಿರುಗಿ, "ಆ ಪೊಟ್ಟಣ ಕೊಡು" ಎಂದರು. ಉಳಿದ ಬೊಂಡಾಸನ್ನೆಲ್ಲ ಬೊಗಸೆಯಲ್ಲಿ ತುಂಬಿ ಅದು ಹೋದ ದಿಕ್ಕಿಗೆ ಚೆಲ್ಲಿದರು.

"ಎಂಥ ಮಾಡ್ತಿದ್ದೀರಾ ಅಂಕಲ್?"

"ಬಸುರಿ ಹೆಂಗಸು ಮನೆ ಬಾಗಿಲಿಗೆ ಬಂದಿದ್ದಾಳೆ. ಮಡಿಲು ತುಂಬದೆ ಬರಿಗೈಯಲ್ಲಿ ಕಳಿಸ್ತಾರಾ?"

ಇನ್‌ಸ್ಪೆಕ್ಟರ್ ನನ್ನನ್ನು ಕೇಳಿದ, ಅವರು ಏನು ಹೇಳಿದರು ಎಂದು. ನಾನು ಮಡಿಲು ತುಂಬುವುದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ, ಸೀರೆ, ಬಳೆ, ತೆಂಗಿನಕಾಯಿ ಎಲ್ಲ ಹೇಳಿ, ಕೊನೆಗೆ ಅಳು ಬಂದು ನಿಲ್ಲಿಸಿದೆ. ಆತ ಟೋಪಿ ತೆಗೆದು, "ಗುಡ್ ಆನ್ ಹಿಮ್" ಎಂದು ಹೇಳಿ ಹೋದ.

ಅಂಕಲ್ ಒದ್ದೆ ಪ್ಯಾಂಟಿನಲ್ಲೇ ಕಾರು ಹತ್ತಿದರು. ಮನೆ ಹತ್ತಿರ ಬಂದಾಗ, "ಅವಳಿಗೆ ಎರಡು ಸಲ ಹೇಳಿದ್ದೆ" ಎಂದರು. ನಾನು ನಮ್ಮ ನಿಂಬೆಗಿಡದ ಹಣ್ಣು ಕೊಯ್ದು ಚೀಲ ತುಂಬಿ ಕೊಡಲು ಹೋದೆ. ಹಣ್ಣು ರಾಜ್ಯದ ಗಡಿ ದಾಟಿಸುವಂತಿಲ್ಲ ಎಂದು ವಾಪಸು ಕೊಟ್ಟರು.

ಮುಂದಿನದು ಮಗಳು ಫೋನಿನಲ್ಲಿ ಹೇಳಿದ್ದು. ಅಂಕಲ್ ಅಡಿಲೇಡ್ ತಲುಪಿ, ಮೊಮ್ಮಗಳನ್ನು ನೋಡಿ, ಕೈ ಎರಡು ಸಲ ತೊಳೆದು ಎತ್ತಿಕೊಂಡರು. ಆಮೇಲೆ ಅಳಿಯನ ಹತ್ತಿರ ಹೋಗಿ, ಯಾರಿಗೂ ಕೇಳಿಸದಂತೆ, ಇಲ್ಲಿ ಫಿಶ್ ಅಂಡ್ ಚಿಪ್ಸ್ ಅಂಗಡಿ ಎಲ್ಲಿದೆ ಎಂದು ವಿಚಾರಿಸಿದರು. ಫ್ಲೇಕ್ ತಂದರು. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಶಸ್ತ್ರಚಿಕಿತ್ಸೆ ಮಾಡುವವರಂತೆ ಅದರ ಮೇಲಿನ ಹಿಟ್ಟಿನ ಕವಚವನ್ನು ಬಿಡಿಸಿದರು. ಆಂಟಿ ಮಾಡುತ್ತಿದ್ದದ್ದನ್ನು ನೆನಪು ಮಾಡಿಕೊಂಡು ಕಾಯಿ, ಕಾಳುಮೆಣಸು, ಬೆಳ್ಳುಳ್ಳಿ ರುಬ್ಬಿ ಸಾರು ಮಾಡಿದರು. ಅವರು ಬದುಕಿನಲ್ಲಿ ಮಾಡಿದ ಮೊದಲ ಅಡುಗೆ ಅದು. ತಟ್ಟೆಯನ್ನು ಮಗಳ ಮುಂದಿಟ್ಟು ನಿಂತರು.

"ಕೆಟ್ಟದಾಗಿತ್ತು ಅಕ್ಕ, ಸಿಕ್ಕಾಪಟ್ಟೆ ಕೆಟ್ಟದಾಗಿತ್ತು" ಎಂದಳು ಮಗಳು. "ಉಪ್ಪು, ಎಣ್ಣೆ, ಒಂದು ಕಡೆ ವಿನೆಗರ್ ವಾಸನೆ. ಇದೇನು ಪಪ್ಪಾ ಅಂತ ಕೇಳ್ದೆ. 'ಹ್ವಾಯ್, ನಾನು ನಿನ್ನ ಅಮ್ಮನಿಗೆ ಮಾತು ಕೊಟ್ಟಿದ್ದೆ. ಹಿಡಿದೆ. ಆದರೆ ಆ ತಾಟೆ ಬಸುರಿ. ಬಿಟ್ಟೆ. ಇದು ಅಂಗಡಿಯದ್ದು, ತಲೆ ಇಲ್ಲದ್ದು, ತಪ್ಪಾಯ್ತು' ಅಂದ್ರು. ಬೊಂಡಾಸಿನ ಮಡಿಲು ತುಂಬಿದ್ದನ್ನೂ ಹೇಳಿದ್ರು. ಹೆರಿಗೆ ಆದ್ಮೇಲೆ ಫಸ್ಟ್ ಟೈಮ್ ನಕ್ಕಿದ್ದು ಅಕ್ಕ ನಾನು. ನಕ್ಕೂ ನಕ್ಕೂ ಹೊಲಿಗೆ ನೋವು ಬಂದ್ಬಿಡ್ತು. ಅಮ್ಮ ಇದ್ದಿದ್ರೆ ಅವಳೂ ಬಿಡಿ ಅಂತಾನೇ ಹೇಳ್ತಿದ್ಳು ಪಪ್ಪಾ ಅಂದೆ. ಅಡುಗೆಮನೆಗೆ ಹೋಗಿ ಬಂದು, 'ಹೌದಾ? ಹೇಳ್ತಿದ್ಳಾ?' ಅಂತ ಮತ್ತೆ ಕೇಳಿದ್ರು. ಹೇಳ್ತಿದ್ಳು ಪಪ್ಪಾ ಅಂದೆ. ಆಮೇಲೇ ಅವರು ಊಟಕ್ಕೆ ಕೂತದ್ದು."

ಅವಳು ತಟ್ಟೆ ಖಾಲಿ ಮಾಡಿದಳಂತೆ. ಆ ವಾರದಲ್ಲಿ ಹಾಲೂ ಬಂತಂತೆ. ತಾಟೆಯಿಂದಲೋ, ನಗುವಿನಿಂದಲೋ, ಅಪ್ಪ ಪಕ್ಕದಲ್ಲಿದ್ದದ್ದರಿಂದಲೋ ಎಂದು ಅಂಕಲ್‌ರನ್ನು ಕೇಳಿದರೆ, "ಹೇಗೂ ಬರುತ್ತಿತ್ತು ಮಾರಾಯ್ತಿ, ಅಷ್ಟು ದಿನ ಬೇಕಾಗ್ತದೆ" ಎಂದು ಡಾಕ್ಟರಿನಂತೆ ಹೇಳಿದರು. ಆದರೆ ಸಹಾಯವಾಣಿಯ ಹೆಂಗಸಿಗೆ ಪರ್ತ್‌ಗೆ ಫೋನ್ ಮಾಡಿ ಹಾಲು ಬಂದ ಸುದ್ದಿ ತಿಳಿಸಿದ್ದರು. ಅದೂ ಎರಡು ಸಲ.

ಆಮೇಲೆ ಅವರು ವಿಲೆಟನ್‌ನ ಮನೆ ಮಾರಿ ಅಡಿಲೇಡ್‌ನಲ್ಲೇ ಉಳಿದರು. ಗಾಳವನ್ನು ನನ್ನ ಗ್ಯಾರೇಜಿನಲ್ಲಿ ಬಿಟ್ಟು ಹೋದರು.

ಅವರ ಬೂದಿಯನ್ನು ಪರ್ತ್‌ನ ಆ ಬಂಡೆಗಳ ಹತ್ತಿರವೇ ನೀರಿಗೆ ಬಿಡಬೇಕೆಂದು ಮಗಳು ಹೇಳಿದಾಗ, ಅದಕ್ಕೆ ಏನಾದರೂ ಪರ್ಮಿಟ್ ಬೇಕೇ ಎಂಬ ಪ್ರಶ್ನೆ ಎದ್ದಿತು. ನನಗೆ ಗೊತ್ತಿದ್ದ ನಂಬರು ಒಂದೇ, ಫ್ರಿಜ್ಜಿನ ಮೇಲಿನದು. ಎತ್ತಿದ್ದು ಅದೇ ಹೆಂಗಸು. ವಿಷಯ ಹೇಳಿದೆ.

"ಮಗಳಿಗೆ ಶಾರ್ಕ್ ಬೇಕು ಅಂತಿದ್ದ ಡಾಕ್ಟರಾ?" ಎಂದಳು. "ಇದು ನಮ್ಮ ಇಲಾಖೆಯದ್ದಲ್ಲ ಡಿಯರ್. ಆದರೆ ನನಗೆ ತಿಳಿದ ಮಟ್ಟಿಗೆ ಏನೂ ಬೇಡ. ಜನರಿಲ್ಲದ ಹೊತ್ತಲ್ಲಿ ಹೋಗಿ ಬನ್ನಿ."

ಥ್ಯಾಂಕ್ಯೂ ಹೇಳಿ ಇಟ್ಟೆ. ಚಹಾ ಮಾಡಿಕೊಂಡು ಕುಡಿದೆ. ಲೋಟ ತೊಳೆದಿಟ್ಟು ಕೌನ್ಸಿಲ್‌ಗೆ ಫೋನ್ ಮಾಡಿದೆ.

ಹೋದ ಶನಿವಾರದ ಆರ್ವೋ ನಾವು ಬಂಡೆಯ ಮೇಲೆ ನಿಂತಿದ್ದೆವು. ಬ್ರಿಸ್ಬೇನ್‌ನಿಂದ ಮಗ ಬಂದಿದ್ದ, ಮಗಳು ಬೂದಿಯ ಕುಡಿಕೆ ಹಿಡಿದಿದ್ದಳು. ನನ್ನ ಕೈಯಲ್ಲಿ ಸರ್ವೋದಿಂದ ತಂದ ಬೊಂಡಾಸಿನ ಪೊಟ್ಟಣ. ಅದನ್ನು ನೋಡಿ ಮಗಳು ಅಳುವಿನ ನಡುವೆಯೇ ನಕ್ಕು ತಲೆಯಾಡಿಸಿದಳು. ಕುಡಿಕೆಯ ಮುಚ್ಚಳ ತೆಗೆಯಬೇಕು ಎನ್ನುವಷ್ಟರಲ್ಲಿ ಮೊಮ್ಮಗಳು ಅಮ್ಮನ ಅಂಗಿ ಎಳೆದಳು. ಇನ್ನೂ ಶಾಲೆಗೆ ಸೇರದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಹುಬ್ಬು ಗಂಟಿಕ್ಕಿ ನಮ್ಮೆಲ್ಲರನ್ನೂ ನೋಡಿದಳು.

"ಆರ್ ವಿ ಅಲೌಡ್?" ಎಂದಳು.

"ಹೌದು ಪುಟ್ಟಿ" ಎಂದೆ.

ಅವಳು ನೀರಿನ ಕಡೆ ನೋಡಿದಳು, ಮತ್ತೆ ನನ್ನ ಕಡೆ ತಿರುಗಿದಳು.

"ಆರ್ ವಿ?"

"ಎರಡು ಸಲ ಕೇಳಿದ್ದೀನಿ ಕಣೇ" ಎಂದೆ.